ವಾಲ್ವಿನ ಮೇಲಿನ ಅರಿಶಿಣ

ಲಾಸ್ ಏಂಜಲೀಸಿಗೆ ಬಂದ ನೆಂಟರನ್ನು ಹಾಲಿವುಡ್ ತೋರಿಸದೆ ವಾಪಸ್ ಕಳಿಸಿದ ಕನ್ನಡಿಗರು ಯಾರಾದರೂ ಇದ್ದರೆ ಅದು ನಾವೆಲ್ಲ ಅಕ್ಕ ಎಂದು ಕರೆಯುವ ಒಬ್ಬರೇ ಇರಬೇಕು. ಊರಿಂದ ಯಾರೇ ಬರಲಿ, ಕಾರಿಗೆ ಹತ್ತಿಸಿಕೊಂಡು ಅವರು ಮೊದಲು ಹೋಗುತ್ತಿದ್ದದ್ದು ಬರ್ಬ್ಯಾಂಕಿನ ವಿಮಾನ ನಿಲ್ದಾಣದ ಹಿಂದಿನ ಗಲ್ಲಿಗಳಿಗೆ. ಅಲ್ಲಿ ನೋಡುವುದಕ್ಕೆ ಏನಿದೆ? ತಗಡಿನ ಶೆಡ್ಡುಗಳು, ತಂತಿ ಬೇಲಿ, ಎಣ್ಣೆಯ ಪೀಪಾಯಿ, ಬಿಸಿಲಿಗೆ ಬಿಳಿಚಿಕೊಂಡ ಟ್ರಕ್ಕುಗಳು. ಅಕ್ಕ ಕಿಟಕಿ ಇಳಿಸಿ ಕೈ ಚಾಚಿ ವಿವರಿಸುತ್ತಿದ್ದರು. "ಇಲ್ಲೆ ಮೊದ್ಲ ವಿಮಾನದ ಸೀಟ್ ಮಾಡ್ತಿದ್ರು. ಈಗ ರೋಬೋಟಿನ ಕೈ ಮಾಡ್ತಾರ. ಆ ಕಡೀದು ಹಾಸಿಗಿ ಕಾರ್ಖಾನಿ ಇತ್ತು, ಈಗ ಅಲ್ಲೆ ಸಿನಿಮಾದವ್ರ ಲೈಟ್ ತಯಾರಾಗ್ತಾವ. ನೋಡ್ರಿ, ನೋಡ್ರಿ, ಬಾಗ್ಲಾ ತಗದೈತಿ!" ನನ್ನ ಅತ್ತೆ ಮಾವನನ್ನೂ ಹೀಗೇ ಸುತ್ತಿಸಿದರು. ಮಾವ ಮರ್ಯಾದೆಗೆ ಹೂಂಗುಟ್ಟುತ್ತಾ ಕೂತಿದ್ದರು. ಅತ್ತೆ ಮಾತ್ರ ಮನೆಗೆ ಬಂದ ಮೇಲೆ ಮಗಳ ಹತ್ತಿರ, "ಅಷ್ಟು ದೂರದಿಂದ ಬಂದಿದ್ದಕ್ಕೆ ನಮಗೆ ಪೀಣ್ಯ ತೋರಿಸಿಬಿಟ್ರಲ್ಲೇ ಆ ಯಮ್ಮ" ಎಂದು ಗೊಣಗಿದರು.

ಆ ಅಕ್ಕ ಈ ವರ್ಷ ರಿಟೈರ್ ಆದರು. ಬೀಳ್ಕೊಡುಗೆಯ ಊಟಕ್ಕೆ ಹೋಗಿ ಬಂದಾಗಿನಿಂದ ನನ್ನ ತಲೆಯಲ್ಲಿ ಅವರದೇ ಮಾತು. ಬರೆದು ಹೊರಗೆ ಹಾಕದಿದ್ದರೆ ನನಗೆ ಬೇರೆ ಕೆಲಸ ಸಾಗುವ ಹಾಗೆ ಕಾಣುವುದಿಲ್ಲ.

ಅವರನ್ನು ನಾನು ಮೊದಲು ಕಂಡದ್ದು ಸ್ಯಾನ್ ಡಿಯಾಗೋದಲ್ಲಿ, 2009ರ ದೀಪಾವಳಿಯ ಊಟದಲ್ಲಿ. ಸ್ಕ್ರಿಪ್ಸ್ ರ್ಯಾಂಚಿನ ಪಾರ್ಕಿನಲ್ಲಿ ನಾವು ಕನ್ನಡದವರು ಮನೆಗೊಂದು ಅಡುಗೆ ಮಾಡಿಕೊಂಡು ಬಂದು ಸೇರಿದ್ದೆವು. ಆಗಷ್ಟೇ ನನ್ನನ್ನು ಟೆಲಿಕಾಂ ಕಂಪನಿಯ ಕೆಲಸದಿಂದ ತೆಗೆದಿದ್ದರು. ಸುದ್ದಿ ಎಲ್ಲರಿಗೂ ಗೊತ್ತು, ಆದರೆ ಯಾರೂ ಬಾಯಿ ಬಿಟ್ಟು ಕೇಳುವಂತಿಲ್ಲ. ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡು ನನ್ನ ತಟ್ಟೆಗೆ ಒಂದೊಂದು ಹೋಳಿಗೆ ಹೆಚ್ಚಿಗೆ ಹಾಕುತ್ತಿದ್ದರು. ಆಗ ಲಾಸ್ ಏಂಜಲೀಸಿನಿಂದ ಯಾರದೋ ಜೊತೆ ಬಂದಿದ್ದ ಹೆಂಗಸೊಬ್ಬರು, ಐವತ್ತರ ಆಸುಪಾಸು, ಇಳಕಲ್ ಸೀರೆ, ಕಾಲಿಗೆ ದಪ್ಪ ಬೂಟು, ಸೀದಾ ನನ್ನೆದುರು ಬಂದು ಕೂತರು.

"ಕೆಲ್ಸಾ ಹೋತಂತಲ್ಲೋ ತಮ್ಮಾ?"

ಸುತ್ತ ಇದ್ದವರೆಲ್ಲ ತಟ್ಟೆಯ ಕಡೆ ತಲೆ ಬಗ್ಗಿಸಿದರು. ನಾನು ಹೌದು ಎಂದೆ.

"ಛಲೋ ಆತು ಬಿಡು. ಏನ್ ಮಾಡ್ತಿದ್ದಿ ಅಲ್ಲೆ?"

ಫೋನಿನೊಳಗೆ ಸದ್ದಿನಿಂದ ಮಾತನ್ನು ಬೇರ್ಪಡಿಸುವ ಸಾಫ್ಟ್‌ವೇರ್ ಬರೆಯುತ್ತಿದ್ದೆ ಎಂದು ಹೇಳಿದೆ. ಅವರು ಬಲಗೈಯ ಹೋಳಿಗೆಯನ್ನು ತಟ್ಟೆಯಲ್ಲಿಟ್ಟು ಮುಂದೆ ಬಾಗಿದರು. "ಹಂಗಾದ್ರ ಲೇಥ್ ಮಷೀನಿನ ಸಪ್ಪಳ ಕೇಳಿ, ಅದರ ಟೂಲ್ ಸವದೈತೋ ಇಲ್ಲೋ ಹೇಳಾಕ ಬರ್ತೇತೇನು?"

ಗೊತ್ತಿಲ್ಲ, ಯಾವತ್ತೂ ಕೇಳಿಲ್ಲ ಎಂದೆ. ಅವರಿಗೆ ಖುಷಿಯೋ ಖುಷಿ. "ನಿಮ್ಮ ಸ್ಯಾನ್ ಡಿಯಾಗೋದಾಗ ಕಿವಿ ಐತಿ, ನಮ್ಮ ಎಲ್‌ಎದಾಗ ಕೈ ಐತಿ. ಎರಡೂ ಕೂಡಿಸೋರು ಯಾರೂ ಇಲ್ಲ ನೋಡು. ಸೋಮವಾರ ನಮ್ಮಲ್ಲಿ ಬಾ." ಕೆಲಸ ಕಳೆದುಕೊಂಡಿದ್ದಕ್ಕೆ ಒಬ್ಬರು ಹಿಗ್ಗುವುದನ್ನು ನಾನು ಅದೇ ಮೊದಲು ಕಂಡದ್ದು. ಕೋಪ ಬರಬೇಕಿತ್ತು, ಬರಲಿಲ್ಲ.

ಅಕ್ಕ ಹುಬ್ಬಳ್ಳಿಯವರು. ತಂದೆಯದು ಅಲ್ಲಿ ಸಣ್ಣ ವರ್ಕ್‌ಶಾಪು, ಬಾವಿ ಪಂಪುಗಳ ವಾಲ್ವ್ ಮಾಡುತ್ತಿದ್ದರಂತೆ. ಮೆಕ್ಯಾನಿಕಲ್ ಓದಿ, ಇಲ್ಲಿಗೆ ಬಂದು ಎಂ.ಎಸ್. ಮಾಡಿ, ವಿಮಾನದ ಭಾಗ ಮಾಡುವ ದೊಡ್ಡ ಕಾರ್ಖಾನೆ ಸೇರಿದರು. ಅದು ಮುಚ್ಚಿತು. ಇನ್ನೊಂದಕ್ಕೆ ಹೋದರು, ಅದೂ ಮುಚ್ಚಿತು. ಕೊನೆಗೆ ಬರ್ಬ್ಯಾಂಕಿನಲ್ಲಿ ವಿಮಾನದ ಭಾಗಗಳನ್ನೇ ಮಾಡುವ ಮಧ್ಯಮ ಗಾತ್ರದ ಶೆಡ್ಡೊಂದಕ್ಕೆ ಬಂದು ಪ್ರೊಡಕ್ಷನ್ ಮ್ಯಾನೇಜರ್ ಆಗಿ ಕೂತಿದ್ದರು. ಪ್ರತಿ ಸಲ ಬಾಗಿಲು ಮುಚ್ಚಿದಾಗಲೂ ಟಿವಿಯಲ್ಲಿ ಯಾರಾದರೊಬ್ಬ ಟೈ ಕಟ್ಟಿದವನು ಬಂದು ಅಮೆರಿಕದಲ್ಲಿ ಇನ್ನು ಕೈಗಾರಿಕೆ ಮುಗಿಯಿತು ಎಂದು ಹೇಳುತ್ತಿದ್ದನಂತೆ. ಅಕ್ಕನಿಗೆ 'ಮುಗಿಯಿತು' ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಆ ಸೋಮವಾರ ಹೋಗಿ ಅಕ್ಕನ ಶೆಡ್ಡಿಗೆ ಸೇರಿಕೊಂಡೆ. ನನ್ನ ಹೆಂಡತಿಗೆ ಸ್ಯಾನ್ ಡಿಯಾಗೋದ ಬಯೋಟೆಕ್ ಲ್ಯಾಬಿನಲ್ಲಿ ಕೆಲಸ. ಹಾಗಾಗಿ ನಾನು ವಾರವಿಡೀ ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚ್ ಬಡಾವಣೆಯ ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿದ್ದು ಶುಕ್ರವಾರ ಮನೆಗೆ ಡ್ರೈವ್ ಮಾಡುತ್ತಿದ್ದೆ. ಬೆಳಗಿನ ತಿಂಡಿಗೆ ಅಕ್ಕ, ನಾನು, ಕಾಲೇಜಿಗೆ ಹೊರಟ ಅವರ ಮಗಳು. ಆ ಹುಡುಗಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಅಮ್ಮಾ, ನೋಬಡಿ ಮೇಕ್ಸ್ ಥಿಂಗ್ಸ್ ಹಿಯರ್ ಎನಿಮೋರ್" ಎಂದು ಒಂದು ದಿನ ಅಂದಳು. ಅಕ್ಕ ಅವಳ ಕೈಯಲ್ಲಿದ್ದ ಚಮಚ ಕಿತ್ತುಕೊಂಡು ಅದರ ಅಂಚಿನ ಮೇಲೆ ಹೆಬ್ಬೆರಳ ಉಗುರು ಎಳೆದು, "ಇದನ್ನ ಮಾಡಿದಾವ್ರು ಮನಸ್ಸಿಟ್ಟು ಮಾಡಿಲ್ಲ, ಅಂಚು ಹಂಗ ಬಿಟ್ಟಾರ. ಅದಕ್ಕ ನಾವ್ ಮಾಡ್ಬೇಕು" ಎಂದು ವಾಪಸ್ ಕೊಟ್ಟರು. ಅದು ಅವರ ಚಟ. ದೋಸೆ ಕಾವಲಿ, ಕಾರಿನ ಬಾಗಿಲು, ಹೋಟೆಲಿನ ಮೇಜು, ಲೋಹ ಕಂಡಲ್ಲೆಲ್ಲ ಉಗುರು ಎಳೆಯುವುದೇ. ಅವರ ಗಂಡ, ಬಹಳ ಸಾಧು ಮನುಷ್ಯ, ಮದುವೆಯ ದಿನ ತಾಳಿಯನ್ನೂ ಹಾಗೆ ನೋಡಿದಳು ಎಂದು ನನ್ನೆದುರು ತಮಾಷೆ ಮಾಡುತ್ತಿದ್ದರು.

ನನ್ನ ಕೆಲಸ ಹಳೆಯ ಮಷೀನುಗಳಿಗೆ ಕಿವಿ ಕೂಡಿಸುವುದು. ಒಂದೊಂದು ಮಷೀನಿನ ಬೆನ್ನಿಗೂ ಬೆಂಕಿಪೊಟ್ಟಣದಷ್ಟು ಸೆನ್ಸರ್ ಅಂಟಿಸಿ, ಅದರ ನಡುಕವನ್ನು ಕಂಪ್ಯೂಟರಿಗೆ ತಂದು, ಟೂಲ್ ಸವೆಯುವ ಮೊದಲೇ ಎಚ್ಚರಿಸುವ ಪ್ರೋಗ್ರಾಂ ಬರೆಯಬೇಕಿತ್ತು. ಮೊದಲ ದಿನವೇ ಜಗಳ. ಅಲ್ಲಿಯ ಹಿರಿಯ ಮೆಷಿನಿಸ್ಟ್, ಮೆಕ್ಸಿಕೋದಿಂದ ಬಂದು ಅದೇ ಶೆಡ್ಡಿನಲ್ಲಿ ಕೂದಲು ಬೆಳ್ಳಗಾದವನು, ಸೆನ್ಸರನ್ನು ಕಿತ್ತು ನನ್ನ ಮೇಜಿನ ಮೇಲೆ ಕುಕ್ಕಿದ. ತಾನು ಎಷ್ಟು ಹೊತ್ತು ಕೂತೆ, ಎಷ್ಟು ಹೊತ್ತು ನಿಂತೆ ಎಂದು ಮಾಲೀಕರಿಗೆ ಹೇಳುವ ಯಂತ್ರ ತನಗೆ ಬೇಡ ಎಂದ. ಅಕ್ಕ ಇಬ್ಬರಿಗೂ ಬೈಯಲಿಲ್ಲ. ಕಂಪ್ಯೂಟರ್ ಪರದೆಯನ್ನು ಆಫೀಸಿನಿಂದ ತೆಗೆಸಿ ಅವನ ಮಷೀನಿನ ಪಕ್ಕ, ಅವನ ಮುಖಕ್ಕೆ ನೇರವಾಗಿ ಹಾಕಿಸಿದರು. ಅವನು ನೋಡದೆ ಆಫೀಸಿಗೆ ಒಂದು ಅಂಕಿಯೂ ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿದರು. ತಿಂಗಳೊಳಗೆ ಅವನೇ ನನ್ನನ್ನು ಕರೆದು, ನಿನ್ನ ಕಿವಿಗೆ ಈ ಸದ್ದು ಇನ್ನೂ ಕೇಳುತ್ತಿಲ್ಲ, ಸರಿಮಾಡು ಎಂದು ಪಾಠ ಹೇಳತೊಡಗಿದ. ನಾನು ಬೆಂಗಳೂರಿನಲ್ಲಾಗಲಿ ಸ್ಯಾನ್ ಡಿಯಾಗೋದಲ್ಲಾಗಲಿ ಅಷ್ಟು ಹುರುಪಿನಿಂದ ಕೆಲಸಕ್ಕೆ ಹೋದ ನೆನಪಿಲ್ಲ.

ಹುರುಪು ನಮಗಿತ್ತು, ಆರ್ಡರ್ ಇರಲಿಲ್ಲ. ವಿಮಾನದ ಭಾಗಗಳ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ದೂರದ ಅಗ್ಗದ ಊರುಗಳಿಗೆ ಹೋಗಿದ್ದರು. ಮಾಲೀಕರು ಎಪ್ಪತ್ತು ದಾಟಿದ ಸಭ್ಯ ಮನುಷ್ಯ. ಅವರ ತಂದೆ ಕಟ್ಟಿದ ಶೆಡ್ಡು ಅದು. ಸಿನಿಮಾ ಸೆಟ್ಟಿನ ಸಾಮಾನು ಜೋಡಿಸಿಡಲು ಗೋದಾಮು ಹುಡುಕುತ್ತಿದ್ದವರೊಬ್ಬರು, ಮಾಲೀಕರು ಹೂಂ ಎಂದ ಕೂಡಲೇ ಅದನ್ನು ಕೊಂಡುಕೊಳ್ಳಲು ತಯಾರಿದ್ದರು. 2012ರ ಬೇಸಿಗೆಯಲ್ಲಿ ಮಾಲೀಕರು ಅಕ್ಕನನ್ನು ಕರೆದು ಹೇಳಿದರು: ವರ್ಷದ ಕೊನೆಯೊಳಗೆ ಬಹುಕಾಲ ನಡೆಯುವಂಥ ಒಂದು ಹೊಸ ಆರ್ಡರ್ ಬಂದರೆ ಸರಿ, ಇಲ್ಲವಾದರೆ ಗೋದಾಮಿನವರ ಕಾಗದಕ್ಕೆ ಸಹಿ ಹಾಕುತ್ತೇನೆ, ನನಗೂ ವಯಸ್ಸಾಯಿತು. ಶೆಡ್ಡಿನಲ್ಲಿದ್ದವರೆಲ್ಲ ಮನೆಗೆ ಹೋಗಬೇಕು ಎಂದು ಅದರ ಅರ್ಥ. ಅದಾಗಲೇ ಅರ್ಧ ಜನ ಹೋಗಿಯೂ ಆಗಿತ್ತು.

ಆ ಹೊತ್ತಿಗೆ ಲಾಸ್ ಏಂಜಲೀಸಿನ ದಕ್ಷಿಣಕ್ಕೆ, ಸಮುದ್ರದ ಕಡೆ, ಸಣ್ಣ ಸಣ್ಣ ರಾಕೆಟ್ ಕಂಪನಿಗಳು ತಲೆಯೆತ್ತುತ್ತಿದ್ದವು. ಹಳೆಯ ವಿಮಾನ ಕಾರ್ಖಾನೆಗಳ ಖಾಲಿ ಗೋಡೆಗಳೊಳಗೆ ಜೀನ್ಸ್ ಹಾಕಿದ ಹುಡುಗ ಹುಡುಗಿಯರು ಬಂದು ಸೇರಿಕೊಂಡಿದ್ದರು. ಅಕ್ಕ ಒಂದೊಂದರ ಬಾಗಿಲೂ ತಟ್ಟಿದರು. ವಾರಕ್ಕೆರಡು ಸಲ ನನ್ನನ್ನೂ ಎಳೆದುಕೊಂಡು, ಫ್ರೀವೇಯ ಟ್ರಾಫಿಕ್ಕಿನಲ್ಲಿ ಚುರಮುರಿ ತಿನ್ನುತ್ತಾ ಹೋಗುತ್ತಿದ್ದರು. ಕೊನೆಗೆ ಒಂದು ಕಂಪನಿ ಒಪ್ಪಿತು. ರಾಕೆಟ್ಟಿನೊಳಗೆ ದ್ರವ ಆಮ್ಲಜನಕ ಹರಿಯುವ ಕೊಳವೆಗೆ ಬೇಕಾದ ವಾಲ್ವುಗಳು. ಮೊದಲು ಪರೀಕ್ಷೆಗೆಂದು ಒಂದು ಪೆಟ್ಟಿಗೆ ಮಾಡಿಕೊಡಿ, ಪಾಸಾದರೆ ಮುಂದಿನ ಮಾತು ಎಂದರು. ಅಕ್ಕ ಪಾರ್ಕಿಂಗ್ ಲಾಟಿನಲ್ಲೇ ಎರಡು ಕೈಯಲ್ಲೂ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ವಾಲ್ವೋ ತಮ್ಮಾ, ವಾಲ್ವ್! ನಮ್ಮಪ್ಪ ಮಾಡಿದ್ದ ನೀರಿಂದು, ನಾ ಮಾಡೂದು ಮುಗಲಿಗೆ ಹೋಗೂದು!"

ಕಷ್ಟವಿದ್ದದ್ದು ಲೋಹ ಕೊರೆಯುವುದರಲ್ಲಲ್ಲ. ದ್ರವ ಆಮ್ಲಜನಕ ಹರಿಯುವ ಜಾಗದಲ್ಲಿ ಒಂದು ಹನಿ ಎಣ್ಣೆಯ ಜಿಡ್ಡು, ಒಂದು ಚಿಟಿಕೆ ಧೂಳು ಉಳಿದರೂ ಸಾಕು, ಅಲ್ಲೇ ಹೊತ್ತಿಕೊಂಡು ಇಡೀ ರಾಕೆಟ್ ಸುಟ್ಟುಹೋಗಬಹುದು. ಜನ್ಮವಿಡೀ ಎಣ್ಣೆಯಲ್ಲಿ ಕೈ ಅದ್ದಿಕೊಂಡಿದ್ದ ಶೆಡ್ಡಿಗೆ ಆಸ್ಪತ್ರೆಯ ಆಪರೇಷನ್ ಕೋಣೆಯ ಮಡಿ ಬಂತು. ಮೂಲೆಯೊಂದನ್ನು ಪ್ಲಾಸ್ಟಿಕ್ ಗೋಡೆಯಿಂದ ಬೇರ್ಪಡಿಸಿ 'ಕ್ಲೀನ್ ರೂಮ್' ಮಾಡಿದೆವು. ಒಳಗೆ ಹೋಗುವವರು ಸೋಪಿನಲ್ಲಿ ಕೈ ತೊಳೆದು, ಅದರ ಮೇಲೆ ಆಲ್ಕೋಹಾಲ್ ಸಿಂಪಡಿಸಿಕೊಂಡು, ಗ್ಲೌಸ್ ಹಾಕಿಕೊಳ್ಳಬೇಕು. ಅಲ್ಲಿಯೇ ವಾಲ್ವುಗಳನ್ನು ತೊಳೆದು, ಒಣಗಿಸಿ, ಚೀಲದಲ್ಲಿ ಹಾಕಿ ಮುಚ್ಚುವುದು.

ಇನ್ಸ್‌ಪೆಕ್ಷನ್ ಗೊತ್ತಾದದ್ದು ಆಯುಧಪೂಜೆಯ ಮಾರನೆಯ ದಿನಕ್ಕೆ.

ನಮ್ಮ ಕಡೆಯ ಆಯುಧಪೂಜೆಗೆ ಅಕ್ಕ ಖಂಡೇಪೂಜಿ ಎನ್ನುತ್ತಿದ್ದರು. ಆ ಶೆಡ್ಡಿಗೆ ಬಂದ ವರ್ಷದಿಂದ ಒಮ್ಮೆಯೂ ಬಿಟ್ಟವರಲ್ಲ. ಮಷೀನುಗಳನ್ನೆಲ್ಲ ನಿಲ್ಲಿಸಿ, ಒರೆಸಿ, ಹೂ ಏರಿಸುವುದು. ಚೆಂಡುಹೂವಿಗೆ ಬರವಿರಲಿಲ್ಲ. ಮೆಕ್ಸಿಕೋದವರಿಗೆ ತಮ್ಮ ಹಿರಿಯರ ಹಬ್ಬಕ್ಕೆ ಅದೇ ಹೂ ಬೇಕು, ಹಾಗಾಗಿ ಆ ತಿಂಗಳು ಊರ ತುಂಬ ಸಿಗುತ್ತಿತ್ತು, ಮೆಷಿನಿಸ್ಟನ ಹೆಂಡತಿಯೇ ಮಾಲೆ ಕಟ್ಟಿ ಕಳಿಸುತ್ತಿದ್ದಳು. ಬೂದುಗುಂಬಳ ವಿಯೆಟ್ನಾಂ ಅಂಗಡಿಯದು. ಆ ವರ್ಷ ಅಕ್ಕನ ಸಂಭ್ರಮ ಹೇಳತೀರದು. ಬಟ್ಟಲು ತುಂಬ ಅರಿಶಿಣ ಕಲಸಿ, ಎಲ್ಲರೂ ಅವರವರ ಮಷೀನಿಗೆ ಅವರವರೇ ಹಚ್ಚಬೇಕು ಎಂದರು. ಅರ್ಮೇನಿಯಾದವರು, ಫಿಲಿಪ್ಪೀನಿನವರು, ನಾನು, ಮಾಲೀಕರು, ಎಲ್ಲರೂ ಬೆರಳದ್ದಿ ಮೂರು ಗೆರೆ ಎಳೆದೆವು. ಪಾರ್ಕಿಂಗ್ ಲಾಟಿನಲ್ಲಿ ಕುಂಬಳಕಾಯಿ ಒಡೆದು, ಉಸುಳಿ ತಿಂದು ಮನೆಗೆ ಹೋದೆವು. ಕ್ಲೀನ್ ರೂಮಿನ ಒಳಗೆ ಮಾತ್ರ ಹೂವಿನ ಎಸಳನ್ನೂ ಬಿಟ್ಟಿರಲಿಲ್ಲ. ಅಷ್ಟು ಎಚ್ಚರ ಇತ್ತು.

ಮರುದಿನ ಬೆಳಿಗ್ಗೆ ವಾಲ್ವುಗಳನ್ನು ತೊಳೆದು ಒಣಗಿಸಿ ಜೋಡಿಸಿಟ್ಟರು. ಮಧ್ಯಾಹ್ನ ರಾಕೆಟ್ ಕಂಪನಿಯ ಇನ್ಸ್‌ಪೆಕ್ಟರ್ ಬಂದಳು. ಮೂವತ್ತು ತುಂಬದ, ಕನ್ನಡಕದ, ಹೆಚ್ಚು ಮಾತಿಲ್ಲದ ಹುಡುಗಿ. ಕ್ಲೀನ್ ರೂಮಿನ ದೀಪ ಆರಿಸಿ, ಕೈಯಲ್ಲಿ ಹಿಡಿಯುವ ನೇರಳೆ ದೀಪವೊಂದನ್ನು ಹಚ್ಚಿದಳು. ಬರಿಗಣ್ಣಿಗೆ ಕಾಣದ ಎಣ್ಣೆಯ ಪಸೆ ಆ ಬೆಳಕಿನಲ್ಲಿ ಹೊಳೆಯುತ್ತದೆ. ದೀಪವನ್ನು ಮೊದಲ ವಾಲ್ವಿನ ಮೇಲೆ ಹಿಡಿದಳು. ಅದರ ಮೈಮೇಲೆ ಒಂದು ಬೆರಳ ಗುರುತು ಹಸಿರು ಹಳದಿಯಾಗಿ ಧಗ್ಗೆಂದಿತು. ಎರಡನೆಯದರಲ್ಲಿ ಎರಡು. ಆಮೇಲೆ ಮೇಜಿನ ಅಂಚು, ಬಾಗಿಲ ಹಿಡಿ, ಗ್ಲೌಸಿನ ಡಬ್ಬಿ. ದೀಪ ತಿರುಗಿದಲ್ಲೆಲ್ಲ ಬೆರಳುಗಳು.

ಅಕ್ಕ ತಮ್ಮ ಗ್ಲೌಸ್ ಕಳಚಿ ಅಂಗೈಯನ್ನು ದೀಪದ ಕೆಳಗೆ ಚಾಚಿದರು. ಇಡೀ ಅಂಗೈ ಮಿಂಚುಹುಳದ ಹಾಗೆ ಬೆಳಗಿತು.

"ಅಯ್ಯ ಶಿವನ, ಅರಿಶಿಣಾ!"

ಆಮೇಲೆ ನಮಗೆ ತಿಳಿದದ್ದು ಇಷ್ಟು. ಸೋಪಿಗೆ ಬಗ್ಗದ ಅರಿಶಿಣ ಆಲ್ಕೋಹಾಲಿಗೆ ಕರಗುತ್ತದೆ. ಶುದ್ಧವಾಗಲಿ ಎಂದು ಸಿಂಪಡಿಸಿಕೊಂಡ ಆಲ್ಕೋಹಾಲೇ ನಮ್ಮ ಕೈಯ ಹಬ್ಬವನ್ನು ಕರಗಿಸಿ, ಗ್ಲೌಸಿನ ಹೊರಮೈಗೆ ದಾಟಿಸಿ, ವಾಲ್ವಿನವರೆಗೆ ತಲುಪಿಸಿತ್ತು.

ಮಾಲೀಕರು ಮೆತ್ತಗೆ, ಬರೀ ಅಡುಗೆಮನೆಯ ಪುಡಿ ತಾನೇ, ಇನ್ನೊಮ್ಮೆ ತೊಳೆದು ತೋರಿಸಿದರಾಯಿತು ಎಂದರು. ಇನ್ಸ್‌ಪೆಕ್ಟರ್ ಹುಡುಗಿಯೂ ತೊಳೆದರೆ ಇವತ್ತೇ ಮತ್ತೆ ನೋಡುತ್ತೇನೆ ಎಂದಳು. ನಾನು ಬದುಕಿದೆ ಅಂದುಕೊಂಡು ಅಕ್ಕನ ಕಡೆ ತಿರುಗಿದೆ.

ಅಕ್ಕ ತಲೆಯಾಡಿಸಿದರು. ಇಂಗ್ಲಿಷಿನಲ್ಲಿ, ಒಂದೊಂದೇ ಮಾತಾಗಿ ಹೇಳಿದರು: "ಬೇಡ. ಇವತ್ತು ಅರಿಶಿಣ ಹೋಗಿದ್ದು ಕಾಣ್ತು. ಇದೇ ದಾರೀಲಿ ಬೇರೆ ದಿನ ಏನೇನು ಹೋಗಿದೆಯೋ ನಮಗೆ ಗೊತ್ತಿಲ್ಲ. ನಿಮ್ಮ ದೀಪಕ್ಕೆ ಕಾಣದ ಜಿಡ್ಡೂ ಇರುತ್ತೆ. ಈ ಪೆಟ್ಟಿಗೆಯನ್ನ ನಾನೇ ರಿಜೆಕ್ಟ್ ಮಾಡ್ತಿದೀನಿ. ಮುಂದಿನ ವಾರ ಬನ್ನಿ."

ಮಾಲೀಕರ ಮುಖ ನೋಡಲಾಗಲಿಲ್ಲ. ಇನ್ನೊಂದು ವರ್ಕ್‌ಶಾಪನ್ನೂ ನೋಡುತ್ತಿದ್ದೇವೆ, ಅವರ ಪೆಟ್ಟಿಗೆ ಆಗಲೇ ತಯಾರಿದೆ ಎಂದು ಹುಡುಗಿ ಹೇಳಿದಳು. ಅಷ್ಟು ಹೇಳಿ, ನೇರಳೆ ದೀಪವನ್ನು ಅಕ್ಕನ ಕೈಗಿಟ್ಟು, ಮುಂದಿನ ವಾರ ಇದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಹೊರಟಳು.

ಕಾರು ಗೇಟು ದಾಟಿದ್ದೇ ತಡ, ನಾನು ರೇಗಿದೆ. "ಅಕ್ಕ, ಏನು ಮಾಡಿಬಿಟ್ರಿ? ತೊಳೆದಿದ್ರೆ ಪಾಸಾಗ್ತಿತ್ತಲ್ಲ! ಇಷ್ಟು ಜನರ ಕೆಲಸ!"

"ಪಾಸ್ ಆಗ್ತಿತ್ತೋ, ಹೌದು. ನಾಳೆ ಅದು ಮ್ಯಾಲ ಹೋಗಿ ಉರದ್ರ? ಆಗ ಈ ಶೆಡ್ಡಿನ ಹೆಸರ ಹಿಡದು ಯಾರ್ ಕೆಲ್ಸಾ ಕೊಡ್ತಾರ ನಮಗ?" ಅಷ್ಟರಲ್ಲಿ ಅವರ ಕಣ್ಣು ಮಿನುಗತೊಡಗಿತ್ತು. "ಸಿಟ್ಟಾಗಬ್ಯಾಡ ತಮ್ಮಾ. ಹೊಲಸು ಹೆಂಗ ಓಡಾಡ್ತೈತಂತ ತೋರ್ಸೂ ನಕಾಶೆ ಸಿಕ್ಕೈತಿ ನಮಗ. ಯಾರೂ ಕೈ ತೊಳೀಬ್ಯಾಡ್ರಿ! ಲೈಟ್ ಆರಸ್ರಿ ಮೊದ್ಲ!"

ಶೆಡ್ಡಿನ ದೀಪಗಳೆಲ್ಲ ಆರಿದವು, ಕಿಟಕಿಗಳಿಗೆ ರಟ್ಟು ಬಿತ್ತು. ಅಕ್ಕ ನೇರಳೆ ದೀಪ ಹಿಡಿದು ಮುಂದೆ, ನಾವೆಲ್ಲ ಹಿಂದೆ. ಪೂಜೆಯ ಮಷೀನುಗಳಿಂದ ಹೊರಟ ಹೊಳಪು ಟ್ರಾಲಿಯ ಹಿಡಿಗೆ, ಅಲ್ಲಿಂದ ನಲ್ಲಿಗೆ, ನಲ್ಲಿಯಿಂದ ಆಲ್ಕೋಹಾಲ್ ಬಾಟಲಿಗೆ ಹೋಗಿತ್ತು. ಗ್ಲೌಸನ್ನು ಎಲ್ಲರೂ ಬೆರಳ ತುದಿ ಹಿಡಿದು ಡಬ್ಬಿಯಿಂದ ಎಳೆಯುತ್ತಿದ್ದದ್ದು ಆಗ ಗೊತ್ತಾಯಿತು. ವಾಲ್ವ್ ಮುಟ್ಟಬೇಕಾದ ಜಾಗವನ್ನೇ ಬರಿಗೈಯಲ್ಲಿ ಮುಟ್ಟುತ್ತಿದ್ದೆವು. ಒಂದೊಂದು ಗುರುತು ಸಿಕ್ಕಿದಾಗಲೂ ಅಕ್ಕ "ಸಿಕ್ತು!" ಎಂದು ಕೂಗುವುದು, ಹಿಂದಿನಿಂದ ಎಲ್ಲರೂ ಅವರವರ ಭಾಷೆಯಲ್ಲಿ ಕೂಗುವುದು. ಮೆಷಿನಿಸ್ಟನಂತೂ ನೆಲದ ಮೇಲೆ ಅಂಗಾತ ಮಲಗಿ ಮೇಜಿನ ಅಡಿಯ ಗುರುತುಗಳನ್ನು ತೋರಿಸುತ್ತಿದ್ದ. ನನ್ನ ಸಿಟ್ಟು ಎಲ್ಲಿ ಹೋಯಿತೋ.

ಆ ವಾರ ಶೆಡ್ಡು ಮದುವೆಮನೆಯಾಯಿತು. ಕಾಲಿನಿಂದ ತೆರೆಯುವ ಬಾಗಿಲು, ಕಾಲಿನಿಂದ ತಿರುಗಿಸುವ ನಲ್ಲಿ, ಮಣಿಕಟ್ಟಿನ ಕಡೆಯಿಂದಲೇ ಗ್ಲೌಸ್ ಹೊರಬರುವ ಡಬ್ಬಿ, ಎಲ್ಲವನ್ನೂ ಅಲ್ಲೇ, ನಮ್ಮ ಮಷೀನುಗಳಲ್ಲೇ ಮಾಡಿದೆವು. ನನಗೆ ವೆಲ್ಡಿಂಗ್ ಬರುತ್ತಿರಲಿಲ್ಲ, ಕಲಿತೆ. ಅಕ್ಕ ದಿನಕ್ಕೊಮ್ಮೆ ಬೇಕೆಂದೇ ಯಾರದಾದರೂ ಕೈಗೆ ಅರಿಶಿಣ ಬಳಿದು ಒಳಗೆ ಕಳಿಸಿ, ದೀಪ ಹಿಡಿದು ಹುಡುಕುತ್ತಿದ್ದರು. ಮೊದಲೆರಡು ದಿನ ಸಿಕ್ಕಿತು, ಆಮೇಲೆ ಸಿಗಲಿಲ್ಲ. ಆಗ ಹೊಸ ವಾಲ್ವುಗಳನ್ನು ತೊಳೆಯಲು ಕೂತೆವು. ಮಾಲೀಕರು ದಿನವೂ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಗೋದಾಮಿನವರ ಕಾಗದ ಅವರ ಮೇಜಿನ ಮೇಲೇ ಇತ್ತು.

ಹೇಳಿದ ದಿನ ಹುಡುಗಿ ಬಂದಳು. ಕ್ಲೀನ್ ರೂಮಿನಲ್ಲಿ ಅಷ್ಟು ಜನ ನಿಲ್ಲುವಂತಿರಲಿಲ್ಲ, ಒಳಗೆ ಅವಳು ಮತ್ತು ಅಕ್ಕ. ಉಳಿದವರೆಲ್ಲ ಪ್ಲಾಸ್ಟಿಕ್ ಗೋಡೆಗೆ ಮುಖ ಒತ್ತಿಕೊಂಡು ಹೊರಗೆ. ದೀಪ ಆರಿತು. ಕತ್ತಲಲ್ಲಿ ಮಂಕು ನೇರಳೆ ಬೆಳಕೊಂದು ಮೆಲ್ಲನೆ ಸರಿಯುತ್ತಿತ್ತು. ಒಂದು ವಾಲ್ವಿನ ಮೇಲೆ ನಿಂತಿತು. ಮುಂದಿನದಕ್ಕೆ ಹೋಯಿತು. ತಿರುಗಿಸಿದಳು, ಒಳಗೆ ಇಣುಕಿದಳು. ಮತ್ತೆ ಮುಂದಿನದು. ಎಲ್ಲೂ ಒಂದು ಚುಕ್ಕಿ ಹೊಳೆಯಲಿಲ್ಲ. ಪೆಟ್ಟಿಗೆ ಮುಗಿಯುವವರೆಗೂ ಕತ್ತಲು ಕತ್ತಲಾಗಿಯೇ ಇತ್ತು. ಅಷ್ಟು ಚಂದದ ಕತ್ತಲನ್ನು ನಾನು ಮತ್ತೆ ಕಂಡಿಲ್ಲ.

"ಏನೂ ಕಾಣ್ತಿಲ್ಲ" ಎಂದಳು ಹುಡುಗಿ.

"ಇನ್ನೊಮ್ಮೆ ಹೇಳು" ಎಂದರು ಅಕ್ಕ.

"ಏನೂ ಕಾಣ್ತಿಲ್ಲ. ತಿಂಗಳಿಗೆ ಇಂಥ ಎಷ್ಟು ಪೆಟ್ಟಿಗೆ ಕೊಡಬಲ್ಲಿರಿ?"

ಉತ್ತರ ಬಂದದ್ದು ನಮ್ಮ ಹಿಂದೆ, ಕತ್ತಲಲ್ಲಿ ನಿಂತಿದ್ದ ಮಾಲೀಕರಿಂದ.

"ಅದು ಎರಡನೇ ಶಿಫ್ಟಿಗೆ ನಮಗೆ ಎಷ್ಟು ಜನ ಸಿಗ್ತಾರೆ ಅನ್ನೋದರ ಮೇಲಿದೆ" ಎಂದರು.

ಯಾರೋ ಸ್ವಿಚ್ ಒತ್ತಿದರು. ಅಕ್ಕ ಪ್ಲಾಸ್ಟಿಕ್ ಗೋಡೆಯ ಆಚೆ ನಿಂತು ಗ್ಲೌಸ್ ಹಾಕಿದ ಕೈಯಲ್ಲಿ ಕಣ್ಣು ಒರೆಸಿಕೊಳ್ಳಲೂ ಆಗದೆ ಅಳುತ್ತಾ ನಗುತ್ತಿದ್ದರು. ನಾನೂ ಅಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಮೆಷಿನಿಸ್ಟ್ ಮಾತ್ರ ನಮ್ಮನ್ನು ನೋಡುತ್ತಾ ನಿಲ್ಲಲಿಲ್ಲ. ಗೋಡೆಯ ಪಕ್ಕಕ್ಕೆ ಸರಿದು ಫೋನ್ ತೆಗೆದು, ಇದೇ ಶೆಡ್ಡಿನಿಂದ ಕೆಲಸ ಹೋಗಿ ಎರಡು ವರ್ಷದಿಂದ ಪಿಜ್ಜಾ ಡೆಲಿವರಿ ಮಾಡಿಕೊಂಡಿದ್ದ ತನ್ನ ಹಳೆಯ ಜೊತೆಗಾರನ ನಂಬರ್ ಒತ್ತಿದ್ದ. ಆ ಕಡೆಯವನಿಗೆ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ. ಇವನು ಒಂದು ಕಿವಿ ಮುಚ್ಚಿಕೊಂಡು ಸ್ಪ್ಯಾನಿಷಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ, ಪ್ರತಿ ಸಲ ಇನ್ನಷ್ಟು ಜೋರಾಗಿ ಹೇಳುತ್ತಿದ್ದ: "ನಾಳೆ ಬೆಳಿಗ್ಗೆ ಬಾರೋ, ನಿನ್ನ ಮಷೀನ್ ಇಲ್ಲೇ ಇದೆ."